ವಾರ್ಡಿಗೆ ಹೋಗುವ ಕಂಬಳಿ



ನೆರೆಮನೆಯ ಹಸುವಿಗೆ ಕಾಲುಬಾಯಿ ಜ್ವರ ಬಂದರೆ ತಾವು ಆ ಕೊಟ್ಟಿಗೆಯ ಹಗ್ಗವನ್ನಾಗಲಿ ಬಕೆಟ್ಟನ್ನಾಗಲಿ ತಮ್ಮ ಕೊಟ್ಟಿಗೆಗೆ ತರುವುದಿಲ್ಲ. ಅಲ್ಲಿಗೆ ಹೋಗಿಬಂದವನು ಕೈಕಾಲು ತೊಳೆಯದೆ ತಮ್ಮ ಹಸುವಿನ ಮೈ ಮುಟ್ಟಿದರೆ ಗದರುತ್ತೀರಿ. ಹಸುಗಳು ಒಂದನ್ನೊಂದು ಮುಟ್ಟದಿದ್ದರೂ ರೋಗ ದಾಟುತ್ತದೆಂಬುದು ತಮಗೆ ಗೊತ್ತು. ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ದನ ಹೊಡೆದುಕೊಂಡು ಹೋದವರಿಗಂತೂ ಇದನ್ನು ಹೇಳಬೇಕಾಗಿಯೇ ಇಲ್ಲ.

ಆದರೆ ಮನೆಯವರನ್ನು ಯಲಹಂಕದ ಸಾರ್ವಜನಿಕ ಆಸ್ಪತ್ರೆಗೋ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೋ ಸೇರಿಸಿದಾಗ ಈ ಎಚ್ಚರ ಏಕೋ ಮರೆತುಹೋಗುತ್ತದೆ. ನೋಡಲು ಬಂದ ನಾಲ್ವರು ನಂಟರು ಮಂಚದ ಮೇಲೆಯೇ ಕೂರುತ್ತಾರೆ. ಕೀವಿನ ರೋಗಾಣು ಹೊದಿಕೆಯ ಮೇಲೆ, ಮಂಚದ ಕಂಬಿಯ ಮೇಲೆ ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಬದುಕಿರುತ್ತದೆ. ಅದಕ್ಕೆ ಕಾಲಿಲ್ಲ, ನಮ್ಮ ಕೈಯೇ ಅದರ ಬಂಡಿ. ಕಂಬಿ ಹಿಡಿದ ಕೈ ಬಾಣಂತಿಯನ್ನು ಮುಟ್ಟುತ್ತದೆ, ಮಗುವಿನ ಹೊಕ್ಕುಳನ್ನು ಮುಟ್ಟುತ್ತದೆ.

1847ರಲ್ಲಿ ವಿಯೆನ್ನಾ ನಗರದ ಹೆರಿಗೆ ವಾರ್ಡೊಂದರಲ್ಲಿ ಏಪ್ರಿಲ್ ತಿಂಗಳು ನೂರು ತಾಯಂದಿರಲ್ಲಿ ಸುಮಾರು 18 ಮಂದಿ ಸತ್ತರು. ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಕ್ಲೋರೀನ್ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ಕಟ್ಟುಮಾಡಿದರು. ಜೂನ್ ವೇಳೆಗೆ ಸಾವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಆ ಸುಣ್ಣ ಬೇರೇನೂ ಅಲ್ಲ, ನಮ್ಮ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯೇ.

ಇನ್ನು ಕಂಬಳಿಯ ಮಾತು. ಕೊಟ್ಟಿಗೆಯ ಪಕ್ಕದಲ್ಲಿ ಹಾಸಿದ್ದ ಕಂಬಳಿಯನ್ನು ಸುತ್ತಿಕೊಂಡು ಹೋಗಿ ಗಾಯಾಳುವಿಗೆ ಹೊದಿಸಬೇಡಿರಿ. ಸಗಣಿಯಲ್ಲೂ ಮಣ್ಣಿನಲ್ಲೂ ಧನುರ್ವಾಯುವಿನ ಬೀಜಾಣುಗಳಿರುವುದುಂಟು; ಸಾಧಾರಣ ಒಗೆತಕ್ಕೆ ಅವು ಬಗ್ಗುವುದಿಲ್ಲ. ಆಸ್ಪತ್ರೆಯ ಹೊದಿಕೆ ಹಳೆಯದೆಂದು ಮೂಗು ಮುರಿಯುವವರುಂಟು. 71 ಡಿಗ್ರಿ ಸೆಂಟಿಗ್ರೇಡ್ ಬಿಸಿನೀರಿನಲ್ಲಿ 25 ನಿಮಿಷ ಒಗೆದ ಹೊದಿಕೆ, ಬಣ್ಣ ಮಾಸಿದ್ದರೂ ಮನೆಯ ಹೊಸ ಕಂಬಳಿಗಿಂತ ಮೇಲು. ಕೊಳೆಯಾದ ಹೊದಿಕೆಯನ್ನು ಕೊಡವಬಾರದು. ಕೊಡವಿದರೆ ರೋಗಾಣು ಗಾಳಿಗೆ ಹಾರಿ ಪಕ್ಕದ ಮಂಚಕ್ಕೆ ಬೀಳುತ್ತದೆ. ಒಳಮುಖವಾಗಿ ಸುತ್ತಿ, ಮೈಗೆ ತಾಗದಂತೆ ಹಿಡಿದು ಚೀಲಕ್ಕೆ ಹಾಕಿರಿ.

ಆಸ್ಪತ್ರೆಯಿಂದ ಮನೆಗೆ ತಂದ ಬಟ್ಟೆಯನ್ನು ಕೆರೆಗೆ ಒಯ್ಯಬೇಡಿರಿ. ಹಂಡೆಯ ಬಿಸಿನೀರಿನಲ್ಲಿ ಸಾಬೂನು ಹಾಕಿ ಕೋಲಿನಿಂದ ತಿರುವಿ ಒಗೆಯಿರಿ. ಆಮೇಲೆ 10 ಲೀಟರು ನೀರಿಗೆ 15 ಗ್ರಾಂ ಬ್ಲೀಚಿಂಗ್ ಪುಡಿ ಕದಡಿ, ತಿಳಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಜಾಲಿಸಿ, ಉರಿಬಿಸಿಲಿಗೆ ಹರವಿರಿ. ಬಣ್ಣದ ಸೀರೆ ಕೆಡುತ್ತದೆ, ಅದನ್ನು ಕುದಿಸಿದರೆ ಸಾಕು. ರೋಗಿಯ ಮಂಚ, ಬಾಗಿಲ ಚಿಲಕ ಒರೆಸಲು ಅಷ್ಟೇ ಪುಡಿಗೆ 5 ಲೀಟರು ನೀರು ಸಾಕು. ಮೊದಲು ಸಾಬೂನಿನಿಂದ ಕೊಳೆ ತೆಗೆಯಬೇಕು. ಕೊಳೆಯಿದ್ದರೆ ಕ್ಲೋರೀನಿನ ಶಕ್ತಿಯೆಲ್ಲ ಅದಕ್ಕೇ ವ್ಯಯ. ಪಾಯಖಾನೆ ತೊಳೆಯುವ ಆ್ಯಸಿಡ್ಡಿನೊಡನೆ ಮಾತ್ರ ಎಂದಿಗೂ ಬೆರೆಸಕೂಡದು. ವಿಷದ ಗಾಳಿ ಏಳುತ್ತದೆ.

ತಾಮ್ರದ ಬಿಂದಿಗೆಯನ್ನು ಮೆಚ್ಚಿದ ನಮ್ಮ ಅಜ್ಜಿಯರು ತಪ್ಪಿರಲಿಲ್ಲ. ಶುಚಿಯಾದ ತಾಮ್ರದ ಮೇಲೆ ಅನೇಕ ರೋಗಾಣುಗಳು ಎರಡು ಗಂಟೆಯೊಳಗೆ ಸಾಯುತ್ತವೆಂದು 2008ರಲ್ಲಿ ಅಮೆರಿಕದ ಸರ್ಕಾರವೂ ಒಪ್ಪಿತು. ಹಾಗೆಂದು ಮಂಚಕ್ಕೆಲ್ಲ ತಾಮ್ರ ಹೊಡೆಸಲು ನಮ್ಮಿಂದಾದೀತೇ? ಬ್ಲೀಚಿಂಗ್ ಪುಡಿ ಅಗ್ಗ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ತೇವ ತಾಗದಿರಲಿ. ಘಾಟು ಹೋದ ಪುಡಿ ಬರಿಯ ಸುಣ್ಣ.