ದೊಡ್ಡ ಮನೆಯ ಬಾಡಿಗೆ: ಅಡಿಕೆ ತೋಟದ ಹೊಸ ಉಪಬೆಳೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಒಳನಾಡಿನಲ್ಲಿ ಸಂಚರಿಸುವವರಿಗೆ ಒಂದು ನೋಟ ಮತ್ತೆ ಮತ್ತೆ ಕಾಣಸಿಗುತ್ತದೆ. ಅಡಿಕೆ ತೋಟದ ಅಂಚಿನಲ್ಲಿ ವಿಶಾಲವಾದ ಅಂಗಳ, ಅದರ ಹಿಂದೆ ಹೆಂಚಿನ ಮಾಡಿನ ದೊಡ್ಡ ಮನೆ. ಉದ್ದನೆಯ ಜಗಲಿ, ಚಾವಡಿ, ಅಟ್ಟ, ಹಂಡೆ ಹೂಡಿದ ಬಚ್ಚಲು ಎಲ್ಲವೂ ಇವೆ. ಹಿಂದೆ ಮೂವತ್ತು ಮಂದಿ ಒಟ್ಟಿಗೆ ಉಂಡು ಮಲಗುತ್ತಿದ್ದ ಆ ಮನೆಯಲ್ಲಿ ಇಂದು ಉಳಿದಿರುವವರು ವಯಸ್ಸಾದ ದಂಪತಿಗಳು ಮಾತ್ರ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲೆಸಿದ್ದಾರೆ. ವರ್ಷಕ್ಕೊಮ್ಮೆ ತಂಬಿಲಕ್ಕೋ ಕೋಲಕ್ಕೋ ಬಂದು ಎರಡು ದಿನ ಇದ್ದು ಹೋಗುತ್ತಾರೆ.

ಮನೆ ಖಾಲಿಯಿದ್ದರೂ ಖರ್ಚು ನಿಲ್ಲುವುದಿಲ್ಲ. ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಪ್ರದೇಶದಲ್ಲಿ ಹೆಂಚು ಕೈಯಾಡಿಸದೆ ಎರಡು ಮಳೆಗಾಲ ಕಳೆದರೆ ಪಕ್ಕಾಸುಗಳಿಗೆ ಗೆದ್ದಲು ಹತ್ತುತ್ತದೆ. ಕೊನೆಗೆ ಅನೇಕ ಕುಟುಂಬಗಳು ಮನೆಯನ್ನು ಕೀಳಿಸಿ, ಕಂಬ, ತೊಲೆ, ದಾರಂದಗಳನ್ನು ಹಳೆಯ ಮರದ ವ್ಯಾಪಾರಿಗಳಿಗೆ ಮಾರಿಬಿಡುತ್ತವೆ. ಹೀಗೆ ಮಾರಿದ ಕಂಬಗಳು ಎಲ್ಲಿಯದೋ ರೆಸಾರ್ಟಿನ ಮುಖಮಂಟಪದಲ್ಲಿ ನಿಲ್ಲುತ್ತವೆ. ಅದನ್ನು ನೋಡಲು ಹಣ ತೆತ್ತು ಬರುವ ಜನರೂ ಇದ್ದಾರೆ.

ಆ ಹಣ ಮೂಲ ಮನೆಗೇ ಬರುವಂತೆ ಮಾಡಲು ಸಾಧ್ಯವೇ? ಷಷ್ಟ್ಯಬ್ದಿ, ಹುಟ್ಟುಹಬ್ಬ, ಹಳೆಯ ಸಹಪಾಠಿಗಳ ಕೂಟ, ಕಚೇರಿ ತಂಡದ ವಿಹಾರ ಮುಂತಾದವುಗಳಿಗಾಗಿ ಇಡೀ ಮನೆಯನ್ನೇ ಎರಡು ದಿನಗಳ ಮಟ್ಟಿಗೆ ಪಡೆಯಬಯಸುವ ನಗರದ ಕುಟುಂಬಗಳು ಈಗ ಹೆಚ್ಚುತ್ತಿವೆ. ಈ ಬೇಡಿಕೆಯನ್ನು ನಮ್ಮ ಮನೆಗಳಿಗೆ ಹೊಂದಿಸುವುದರ ಲಾಭ-ನಷ್ಟಗಳನ್ನು ವ್ಯಾಪಾರಿಯ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೊಕ್ಕೊ ಕಲಿಸಿದ ಪಾಠ

ಈ ಮೂರು ತಾಲೂಕುಗಳ ಆರ್ಥಿಕತೆ ಅಡಿಕೆಯನ್ನು ಅವಲಂಬಿಸಿದೆ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಭಾಗಗಳಲ್ಲಿ ಹಳದಿ ಎಲೆ ರೋಗವು ದಶಕಗಳಿಂದ ತೋಟಗಳನ್ನು ಬರಿದು ಮಾಡುತ್ತ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮಳೆಗಾಲದ ಕೊಳೆರೋಗವಂತೂ ಹಿಂದಿನಿಂದಲೂ ಇದ್ದುದೇ. ಆದಾಯಕ್ಕೆ ಇನ್ನೊಂದು ಆಸರೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಉಪಬೆಳೆಯ ಕುರಿತು ನಮ್ಮವರಿಗೆ ಒಂದು ಹಳೆಯ ಅನುಭವವಿದೆ. ಅಡಿಕೆಯ ನಡುವೆ ಕೊಕ್ಕೊ ನೆಟ್ಟ ಕೃಷಿಕರು 1980ರ ಸುಮಾರಿಗೆ ಬೆಲೆ ಕುಸಿದು ಕೊಳ್ಳುವವರಿಲ್ಲದೆ ಕಂಗೆಟ್ಟಿದ್ದರು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಸ್ಥಾಪನೆಯಾಗಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯು ಆಗ ಕೊಕ್ಕೊ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ಆರಂಭಿಸಿತು. ಬೆಳೆದರಷ್ಟೇ ಸಾಲದು, ಅದನ್ನು ಮಾರುಕಟ್ಟೆಗೆ ಮುಟ್ಟಿಸುವ ಸಂಸ್ಥೆಯೂ ಬೇಕೆಂಬುದು ಕೊಕ್ಕೊ ಕಲಿಸಿದ ಪಾಠ. ದೊಡ್ಡ ಮನೆಯ ಬಾಡಿಗೆಯನ್ನೂ ಇದೇ ರೀತಿ ನೋಡಬೇಕು. ಅದು ಅಡಿಕೆಗೆ ಬದಲಿಯಲ್ಲ. ಅಡಿಕೆಯ ನಡುವಿನ ಉಪಬೆಳೆ.

ಅಂಗಳದ ಪಂಚಾಂಗ

ಈ ಉದ್ಯಮದ ಮೊದಲ ಪ್ರಶ್ನೆ ಹಣದ್ದಲ್ಲ, ಅಂಗಳದ್ದು. ಐವತ್ತು ಮಂದಿಯ ಔತಣಕ್ಕೆ ಶಾಮಿಯಾನ ಹಾಕಲು ಬೇಕಾದ ಅಂಗಳವೇ ಅಡಿಕೆ ಒಣಗಿಸಲೂ ಬೇಕು. ಚಾಲಿ ಅಡಿಕೆ ಒಣಗಲು ಸುಮಾರು 40ರಿಂದ 45 ದಿನಗಳ ಬಿಸಿಲು ಬೇಕಾಗುತ್ತದೆ. ಕೊಯ್ಲು ಹಂತ ಹಂತವಾಗಿ ನಡೆಯುವುದರಿಂದ ಜನವರಿಯಿಂದ ಮಾರ್ಚ್‌ವರೆಗೆ ಅಂಗಳ ಬಿಡುವಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಳುಗಳೆಲ್ಲ ಔಷಧಿ ಸಿಂಪಡಣೆಯಲ್ಲಿ ನಿರತರು.

ಉಳಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ 13 ವಾರಗಳು ಹಾಗೂ ಏಪ್ರಿಲ್, ಮೇ ತಿಂಗಳುಗಳ ಸುಮಾರು 9 ವಾರಗಳು, ಒಟ್ಟು 22 ವಾರಾಂತ್ಯಗಳು. ಅದೃಷ್ಟವಶಾತ್ ದಸರಾ ರಜೆ, ವರ್ಷಾಂತ್ಯದ ರಜೆ ಹಾಗೂ ಬೇಸಿಗೆ ರಜೆಗಳು ಇದೇ ಅವಧಿಯಲ್ಲಿ ಬರುತ್ತವೆ. ಏಪ್ರಿಲ್‌ನಲ್ಲಿ ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆ, ಮಾರ್ಗಶಿರದಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿ ಕೂಡ ಇದರೊಳಗೇ ಸೇರುತ್ತವೆ. ಪಾರದರ್ಶಕ ಹಾಳೆಯ ಮಾಡು ಹಾಕಿದ ಒಣಗಿಸುವ ಶೆಡ್ ಇರುವವರಿಗೆ ಇನ್ನಷ್ಟು ದಿನಗಳು ಸಿಗಬಹುದು.

ಬೇಸಿಗೆಯಲ್ಲಿ ನೀರಿನ ಮಾತನ್ನು ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ತೋಟಕ್ಕೇ ನೀರು ಸಾಲದಿರುವಾಗ ಹನ್ನೆರಡು ಅತಿಥಿಗಳ ಸ್ನಾನಕ್ಕೆ ಎಲ್ಲಿಂದ ತರುವುದು? ನಿಮ್ಮ ಬಾವಿ, ಸುರಂಗ, ಕೊಳವೆಬಾವಿಗಳು ಮೇ ತಿಂಗಳಲ್ಲಿ ಎಷ್ಟು ನೀರು ಕೊಡುತ್ತವೆ ಎಂಬುದನ್ನು ಮೊದಲು ಅಳೆದು ನೋಡಿ. ಬಣ್ಣ, ಮಂಚಗಳ ವಿಚಾರ ಆಮೇಲಾಗಲಿ.

ಒಂದು ಅಂದಾಜು ಲೆಕ್ಕ

ಕೆಳಗಿನದು ಯಾವುದೇ ನಿರ್ದಿಷ್ಟ ಮನೆಯ ಲೆಕ್ಕವಲ್ಲ. ಓದುಗರು ತಮ್ಮ ಅಂಕಿಗಳನ್ನು ಇಟ್ಟು ನೋಡಲೆಂದು ಕೊಟ್ಟಿರುವ ಮಾದರಿ.

ಮಾಡಿನ ದುರಸ್ತಿ, ಹೊಸ ಶೌಚಾಲಯಗಳು, ಹಾಸಿಗೆ ಮುಂತಾದವುಗಳಿಗೆ 6 ಲಕ್ಷ ರೂ. ಸಾಲ ಪಡೆದಿರಿ ಎಂದುಕೊಳ್ಳೋಣ. ಶೇ. 11 ಬಡ್ಡಿಯಲ್ಲಿ 5 ವರ್ಷಗಳ ಅವಧಿಗೆ ತಿಂಗಳ ಕಂತು ಸುಮಾರು 13,045 ರೂ., ವರ್ಷಕ್ಕೆ 1,56,540 ರೂ. ವಾರ್ಷಿಕ ಹೆಂಚು-ಬಣ್ಣದ ಖರ್ಚು 60,000 ರೂ. ಅಂದರೆ ಅತಿಥಿಗಳು ಬರಲಿ, ಬಾರದಿರಲಿ, ವರ್ಷಕ್ಕೆ 2,16,540 ರೂ. ಹೊರಹೋಗುತ್ತದೆ.

ಇಡೀ ಮನೆಗೆ ದಿನಕ್ಕೆ 15,000 ರೂ. ಬಾಡಿಗೆ ಇಟ್ಟು, ಸಹಾಯಕರ ಕೂಲಿ, ಬಟ್ಟೆ ಒಗೆತ, ವಿದ್ಯುತ್, ಅನಿಲಕ್ಕೆ 4,000 ರೂ. ಕಳೆಯಿರಿ. ಅರ್ಧದಷ್ಟು ಬುಕಿಂಗ್ ಮಧ್ಯವರ್ತಿಗಳ ಮೂಲಕ ಬಂದು, ಅವರಿಗೆ ಶೇ. 15 ದಲ್ಲಾಳಿ ಕೊಟ್ಟರೆ ಸರಾಸರಿ ದಿನಕ್ಕೆ 1,125 ರೂ. ಹೋಗುತ್ತದೆ. ಕೈಯಲ್ಲಿ ಉಳಿಯುವುದು ದಿನವೊಂದಕ್ಕೆ 9,875 ರೂ.

ಈ ಲೆಕ್ಕದಂತೆ ವರ್ಷಕ್ಕೆ 22 ದಿನ ಮನೆ ಬಾಡಿಗೆಗೆ ಹೋದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 15 ದಿನ ಮಾತ್ರ ಹೋದರೆ ಸುಮಾರು 68,000 ರೂ. ನಷ್ಟ. 30 ದಿನ ಹೋದರೆ ಸುಮಾರು 80,000 ರೂ. ಉಳಿತಾಯ; ಸಾಲ ತೀರಿದ ಬಳಿಕ ಅದೇ 30 ದಿನಗಳಿಗೆ 2,36,000 ರೂ. ದಾಟುತ್ತದೆ. 22 ವಾರಾಂತ್ಯಗಳೆಂದರೆ 44 ದಿನಗಳು. ಅದರಲ್ಲಿ ಅರ್ಧದಷ್ಟು ತುಂಬಿದರೆ ಮನೆ ತನ್ನ ಖರ್ಚನ್ನು ತಾನೇ ಭರಿಸುತ್ತದೆ. ಇದು ಸಿರಿವಂತಿಕೆಯ ದಾರಿಯಲ್ಲ. ಮನೆಯನ್ನು ಉಳಿಸಿಕೊಳ್ಳುವ ದಾರಿ. ಇಷ್ಟನ್ನು ತಿಳಿದು ಇಳಿಯುವವರಿಗೆ ನಿರಾಶೆಯಾಗದು.

ಹೋಂಸ್ಟೇಗಳಿಗೂ ಮುದ್ರಾ ಸಾಲ ನೀಡುವುದಾಗಿ 2025-26ರ ಕೇಂದ್ರ ಮುಂಗಡಪತ್ರದಲ್ಲಿ ಪ್ರಕಟಿಸಲಾಗಿದೆ. ಆಸಕ್ತರು ತಮ್ಮ ಬ್ಯಾಂಕಿನಲ್ಲಿ ವಿಚಾರಿಸಬಹುದು.

ಕಾನೂನಿನ ಚೌಕಟ್ಟು

ಹೋಂಸ್ಟೇ ಎಂದರೆ ಮನೆಯವರು ವಾಸವಾಗಿರುವ ಮನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾರ್ಗಸೂಚಿಯು ಗರಿಷ್ಠ 6 ಕೊಠಡಿ, 12 ಹಾಸಿಗೆಗಳ ಮಿತಿ ಹಾಕಿದೆ. ಹೀಗಿರುವಾಗ ನಲವತ್ತು ಮಂದಿಯನ್ನು ಮಲಗಿಸುತ್ತೇವೆಂದು ಮಾತು ಕೊಡುವುದು ಸಲ್ಲದು. ಹಗಲಿನ ಸಮಾರಂಭಕ್ಕೆ ಐವತ್ತು ಮಂದಿ, ರಾತ್ರಿಯ ವಾಸಕ್ಕೆ ಹನ್ನೆರಡು ಮಂದಿ ಎಂಬ ವಿಂಗಡಣೆ ಒಳ್ಳೆಯದು. ಉಳಿದವರನ್ನು ನೆರೆಯ ನೋಂದಾಯಿತ ಮನೆಗಳಿಗೆ ಹಂಚಿದರೆ ಅವರಿಗೂ ವ್ಯಾಪಾರವಾಗುತ್ತದೆ. ಇದಕ್ಕಿಂತ ದೊಡ್ಡದಾಗಿ ನಡೆಸುವುದಾದರೆ ಅದು ವಸತಿಗೃಹ. ಭೂಪರಿವರ್ತನೆ, ಪರವಾನಗಿ, ಅಗ್ನಿ ಸುರಕ್ಷತೆಗಳ ನಿಯಮಗಳೇ ಬೇರೆ.

ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕಾದುದು ತೆರಿಗೆಯ ವಿಚಾರ. ಅಡಿಕೆಯ ಆದಾಯಕ್ಕಿರುವ ಆದಾಯ ತೆರಿಗೆ ವಿನಾಯಿತಿ ಅತಿಥಿಗಳ ಬಾಡಿಗೆಗೆ ಅನ್ವಯಿಸುವುದಿಲ್ಲ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂ. ಇದ್ದರೂ, ಒಂದೇ ಪ್ಯಾನ್ ಸಂಖ್ಯೆಯ ಎಲ್ಲ ವಹಿವಾಟುಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಲಾಗುತ್ತದೆ. ಪೇಟೆಯಲ್ಲಿ ಅಂಗಡಿ ನಡೆಸಿ ಜಿಎಸ್‌ಟಿ ಕಟ್ಟುತ್ತಿರುವ ವ್ಯಾಪಾರಿಯು ತನ್ನ ಹೆಸರಿನಲ್ಲೇ ಹಳ್ಳಿಮನೆಯನ್ನು ಬಾಡಿಗೆಗೆ ಕೊಟ್ಟರೆ ಮೊದಲ ರೂಪಾಯಿಗೂ ತೆರಿಗೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕೊಠಡಿಯೊಂದಕ್ಕೆ ದಿನಕ್ಕೆ 7,500 ರೂ.ವರೆಗಿನ ವಸತಿಗೆ ಶೇ. 5, ಅದನ್ನು ಮೀರಿದರೆ ಶೇ. 18 ದರ ಜಾರಿಯಲ್ಲಿದೆ. ಇಡೀ ಮನೆಗೆ ಒಂದೇ ಮೊತ್ತ ಬರೆಯಬೇಕೇ, ಕೊಠಡಿವಾರು ಬರೆಯಬೇಕೇ ಎಂಬುದನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಯೇ ಬಿಲ್ ಪುಸ್ತಕ ಅಚ್ಚು ಹಾಕಿಸಿ.

ಇತರ ಕೆಲವು ನಿಯಮಗಳನ್ನು ಇಲ್ಲಿ ನೆನಪಿಸುವುದು ಉಚಿತ.

1. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಗ್ರಾಮ ಪಂಚಾಯತ್ ಹಾಗೂ ಪೊಲೀಸ್ ಠಾಣೆಗೆ ಮಾಹಿತಿ.
2. ಊಟ ಒದಗಿಸುವುದಾದರೆ ಆಹಾರ ಸುರಕ್ಷತಾ ನೋಂದಣಿ.
3. ಪ್ರತಿಯೊಬ್ಬ ಅತಿಥಿಯ ಗುರುತುಪತ್ರದ ದಾಖಲೆ. ವಿದೇಶಿಯರು ತಂಗಿದರೆ 24 ಗಂಟೆಗಳೊಳಗೆ ಸಂಬಂಧಿಸಿದ ಅಧಿಕಾರಿಗಳಿಗೆ ವರದಿ.
4. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಇಲ್ಲ. ಇದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ.
5. ಮದ್ಯಕ್ಕೆ ಅಬಕಾರಿ ಇಲಾಖೆಯ ಅನುಮತಿ ಇಲ್ಲದೆ ಅವಕಾಶವಿಲ್ಲ ಎಂಬುದನ್ನು ಮುಂಗಡ ಪಡೆಯುವಾಗಲೇ ಬರೆದು ಕೊಡುವುದು.

2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇಯೊಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ದಾಳಿ ನಡೆಸಿದ ಘಟನೆ ಜಿಲ್ಲೆಯ ಹೆಸರಿಗೆ ಮಸಿ ಬಳಿಯಿತು. ಮನೆಗೆ ಬಂದವರ ಸುರಕ್ಷತೆ ಮನೆಯವರ ಹೊಣೆ. ನೆರೆಹೊರೆಯವರಿಗೆ ಮೊದಲೇ ತಿಳಿಸಿ, ಮಾಲೀಕರು ಸ್ಥಳದಲ್ಲೇ ಇದ್ದರೆ ಅನುಮಾನಗಳಿಗೆ ಎಡೆಯಿರುವುದಿಲ್ಲ. 2022ರ ಆಗಸ್ಟ್‌ನಲ್ಲಿ ಸುಬ್ರಹ್ಮಣ್ಯ ಪರಿಸರದಲ್ಲಿ ಸಂಭವಿಸಿದ ಭೂಕುಸಿತವನ್ನು ನೆನೆದರೆ, ಗುಡ್ಡದ ಬದಿಯ ಮನೆಗಳವರು ಮಳೆಗಾಲದಲ್ಲಿ ಬುಕಿಂಗ್ ತೆಗೆದುಕೊಳ್ಳದಿರುವುದೇ ವಿವೇಕ.

ಕುಟುಂಬದ ಒಪ್ಪಿಗೆ

ತರವಾಡು ಮನೆಗಳು ಸಾಮಾನ್ಯವಾಗಿ ಒಬ್ಬರ ಸ್ವತ್ತಲ್ಲ. ಅಣ್ಣ ತಮ್ಮಂದಿರ ಜೊತೆಗೆ ಅಕ್ಕ ತಂಗಿಯರಿಗೂ ಪಾಲಿದೆ. ಅಳಿಯಸಂತಾನ ಪದ್ಧತಿಯ ಗುತ್ತಿನ ಮನೆಗಳಲ್ಲಿ ಹಕ್ಕುದಾರರ ಸಂಖ್ಯೆ ಇನ್ನೂ ದೊಡ್ಡದು. ಎಲ್ಲರ ಲಿಖಿತ ಒಪ್ಪಿಗೆ, ಲಾಭಾಂಶದ ಹಂಚಿಕೆ, ದುರಸ್ತಿಗೆ ಯಾರು ಎಷ್ಟು ಕೊಡಬೇಕೆಂಬ ನಿರ್ಧಾರ ಇವಿಷ್ಟೂ ಸಾಲಕ್ಕೆ ಸಹಿ ಹಾಕುವ ಮುನ್ನವೇ ಆಗಬೇಕು. ದೈವದ ಚಾವಡಿ, ದೇವರ ಕೋಣೆ, ನಾಗಬನಗಳನ್ನು ಅತಿಥಿಗಳ ಓಡಾಟದಿಂದ ಪ್ರತ್ಯೇಕಿಸಿ, ಕೋಲ, ತಂಬಿಲಗಳ ದಿನಗಳನ್ನು ವರ್ಷಾರಂಭದಲ್ಲೇ ಕಾದಿರಿಸಬೇಕು. ಇದನ್ನು ಸ್ಪಷ್ಟಪಡಿಸದೆ ಆರಂಭಿಸಿದರೆ ಮನೆಯನ್ನು ಉಳಿಸಲು ಹೊರಟು ಮನೆತನವನ್ನು ಒಡೆದಂತಾದೀತು.

ಪೇಟೆಗೆ ಏನು ಲಾಭ?

ಒಂದು ಮನೆಯ ಎರಡು ದಿನದ ಸಮಾರಂಭಕ್ಕೆ ಶಾಮಿಯಾನ, ಪಾತ್ರೆ ಬಾಡಿಗೆ, ಅಡುಗೆಯವರು, ಜೀಪು, ದಿನಸಿ, ಹೂವು, ಜನರೇಟರ್ ಎಲ್ಲವೂ ಪುತ್ತೂರು, ಸುಳ್ಯ, ಕಡಬ, ಉಪ್ಪಿನಂಗಡಿಗಳ ಅಂಗಡಿಗಳಿಂದಲೇ ಹೋಗಬೇಕು. ಹಾಳೆ ತಟ್ಟೆ ತಯಾರಕರಿಗೂ ಇದೊಂದು ಸ್ಥಳೀಯ ಮಾರುಕಟ್ಟೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹಾಳೆ ತಟ್ಟೆಗಳ ವಿರುದ್ಧ ನಿಲುವು ತಳೆದ ಬಳಿಕ ಊರಿನ ಗ್ರಾಹಕರ ಮಹತ್ವ ಹೆಚ್ಚಿದೆ. ಬೆಂಗಳೂರಿನಿಂದ ಬರುವವರಿಗೆ ಕಬಕ ಪುತ್ತೂರು ಹಾಗೂ ನೆಟ್ಟಣದ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣಗಳಿವೆ. ಅಲ್ಲಿಂದ ಮನೆ ತಲುಪಿಸುವ ಟ್ಯಾಕ್ಸಿ, ಬಾಲವನ ಮತ್ತು ತೊಡಿಕಾನಕ್ಕೆ ಕರೆದೊಯ್ಯುವ ವಾಹನ ಎಲ್ಲವೂ ನಮ್ಮವರದೇ ಆಗಬಹುದು.

ಒಗ್ಗಟ್ಟಿನ ಅಗತ್ಯ

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನ ಹಳ್ಳಿಗಳು ಬರಿದಾಗುತ್ತಿದ್ದಾಗ, ಅಲ್ಲಿನ ಕೃಷಿಕರು ಖಾಲಿ ಬಿದ್ದ ಮನೆಗಳನ್ನು ರಜಾಕಾಲದ ಬಾಡಿಗೆಗೆ ಸಿದ್ಧಪಡಿಸತೊಡಗಿದರು. ಅಂತಹ ಮೊದಲ ಮನೆ ತೆರೆದದ್ದು 1951ರಲ್ಲಿ. 1955ರಲ್ಲಿ ರಾಷ್ಟ್ರೀಯ ಒಕ್ಕೂಟವೇ ಸ್ಥಾಪನೆಯಾಗಿ, ಮನೆಗಳ ಗುಣಮಟ್ಟ ಪರೀಕ್ಷೆ, ದರ್ಜೆ, ಬುಕಿಂಗ್‌ಗಳನ್ನು ಒಂದೇ ಹೆಸರಿನಡಿ ತಂದಿತು. ಆ ಒಕ್ಕೂಟ ಇಂದಿಗೂ ನಡೆಯುತ್ತಿದೆ.

ಕೊಕ್ಕೊಗೆ ಕ್ಯಾಂಪ್ಕೊ ಒದಗಿದಂತೆ ಈ ಮನೆಗಳಿಗೂ ಒಂದು ಸಾಮೂಹಿಕ ವ್ಯವಸ್ಥೆ ಬೇಕು. ಮೂರು ತಾಲೂಕುಗಳ ಹತ್ತು ಮನೆಗಳವರು ಕೂಡಿ ಸಮಾನ ದರ, ಸಮಾನ ಕರಾರುಪತ್ರ, ಒಂದೇ ದೂರವಾಣಿ ಸಂಖ್ಯೆ ಇಟ್ಟುಕೊಂಡರೂ ಸಾಕು, ದಲ್ಲಾಳಿಯ ಹಣ ಊರಿನಲ್ಲೇ ಉಳಿಯುತ್ತದೆ. ಒಬ್ಬರ ಅಂಗಳದಲ್ಲಿ ಅಡಿಕೆ ಹರಡಿದ್ದರೆ ಅತಿಥಿಗಳನ್ನು ಇನ್ನೊಬ್ಬರಲ್ಲಿಗೆ ಕಳುಹಿಸಬಹುದು. ಆಸಕ್ತ ಸದಸ್ಯರು ಮುಂದಿನ ಮಳೆಗಾಲ ಮುಗಿಯುವುದರೊಳಗೆ ತಮ್ಮ ಮನೆಯ ನೀರು, ಮಾಡು ಮತ್ತು ಕುಟುಂಬದ ಒಪ್ಪಿಗೆ ಈ ಮೂರನ್ನು ಪರಿಶೀಲಿಸಿ ಸಿದ್ಧರಾದರೆ ಅಕ್ಟೋಬರ್‌ನಲ್ಲಿ ಮೊದಲ ಅತಿಥಿಗಳನ್ನು ಬರಮಾಡಿಕೊಳ್ಳಬಹುದು. ಕಂಬಗಳನ್ನು ಕಿತ್ತು ಮಾರಿದರೆ ಹಣ ಬರುವುದು ಒಂದೇ ಬಾರಿ. ನಿಂತ ಮನೆ ಪ್ರತಿ ವರ್ಷವೂ ತನ್ನ ಪಾಲಿನ ಫಸಲನ್ನು ಕೊಡಬಲ್ಲದು.