ಟಾರ್ಚ್ ಬಿಟ್ಟು ನೋಡಿ, ಚಿತ್ರ ಅಲ್ಲೇ ಇದೆ

ಧಾರಾವಾಹಿಯ ಮಾತು ಕೇಳಿಸುತ್ತದೆ, ರಿಮೋಟ್ ಒತ್ತಿದರೆ ಚಾನೆಲ್ಲೂ ಬದಲಾಗುತ್ತದೆ, ಪರದೆ ಮಾತ್ರ ಕಪ್ಪು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಪೇಟೆಯ ಟಿ.ವಿ. ರಿಪೇರಿ ಅಂಗಡಿಗೂ ಈ ದೂರು ಹೊಸದಲ್ಲ. ಹೊತ್ತು ತಂದವರ ಪ್ರಶ್ನೆಯೂ ಅದೇ: ‘ಪ್ಯಾನೆಲ್ ಹೋಯ್ತೇನ್ರೀ?’ ಪ್ಯಾನೆಲ್ ಹೋದರೆ ಹೊಸ ಟಿ.ವಿ.ಯೇ ಗತಿ ಎಂಬ ಅಂಜಿಕೆ ಅದರ ಹಿಂದಿದೆ. ಕೆಲವರಂತೂ ಕೇಳುವ ಗೋಜಿಗೂ ಹೋಗದೆ ಟಿ.ವಿ.ಯನ್ನು ಅಟ್ಟಕ್ಕೆ ಏರಿಸಿಬಿಡುತ್ತಾರೆ. ಇದು ದೊಡ್ಡ ಅನ್ಯಾಯ. ಮಾತು ಸರಿಯಾಗಿ ಬಂದು ಪರದೆ ಮಾತ್ರ ಕಪ್ಪಾದ ಟಿ.ವಿ.ಗಳಲ್ಲಿ ಎಷ್ಟೋ ಬಾರಿ ಪ್ಯಾನೆಲ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಆರಿರುವುದು ಅದರ ಬೆನ್ನ ಹಿಂದಿನ ಬೆಳಕು, ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಬ್ಯಾಕ್‌ಲೈಟ್’.

ಇದನ್ನು ಯಾರು ಬೇಕಾದರೂ ಮನೆಯಲ್ಲೇ ಪರೀಕ್ಷಿಸಬಹುದು. ರಾತ್ರಿ ದೀಪ ಆರಿಸಿ, ಟಿ.ವಿ. ಹಾಕಿ, ರಿಮೋಟಿನಲ್ಲಿ ಮೆನು ತೆರೆದು, ಮೊಬೈಲಿನ ಟಾರ್ಚನ್ನು ಪರದೆಗೆ ತಾಗುವಷ್ಟು ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿಯಬೇಕು. ಬ್ಯಾಕ್‌ಲೈಟ್ ಮಾತ್ರ ಹೋಗಿದ್ದರೆ, ಬೆಳಕು ಬಿದ್ದ ಜಾಗದಲ್ಲಿ ಮೆನುವಿನ ಅಕ್ಷರಗಳು ಮಸುಕಾಗಿ ಮೂಡುತ್ತವೆ. ಟಾರ್ಚ್ ಸರಿಸಿದರೆ ಪಕ್ಕದ ಸಾಲು. ವಾರಗಟ್ಟಲೆ ಕಪ್ಪಾಗಿದ್ದ ಪರದೆಯೊಳಗೆ ಚಿತ್ರ ತನ್ನಷ್ಟಕ್ಕೆ ಓಡುತ್ತಲೇ ಇತ್ತು ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಅಷ್ಟು ಮಸುಕೇಕೆ? ಪ್ಯಾನೆಲ್ಲಿನ ದ್ರವಸ್ಫಟಿಕ ತಾನಾಗಿ ಬೆಳಗುವ ವಸ್ತುವಲ್ಲ. ಹಿಂದಿನಿಂದ ಬಂದ ಬೆಳಕನ್ನು ಬಿಡುವುದು ಅಥವಾ ತಡೆಯುವುದು, ಅದರ ಕೆಲಸ ಇಷ್ಟೆ. ಎರಡು ಧ್ರುವಕ ಹಾಳೆಗಳನ್ನೂ ಬಣ್ಣದ ಫಿಲ್ಟರುಗಳನ್ನೂ ದಾಟಿ ಹೊರಬರುವಷ್ಟರಲ್ಲಿ ನೂರು ಪಾಲು ಬೆಳಕಿನಲ್ಲಿ ಸುಮಾರಾಗಿ ಐದಾರು ಪಾಲು ಉಳಿದರೆ ಹೆಚ್ಚು. ಟಾರ್ಚಿನ ಬೆಳಕಿಗೋ ಎರಡು ಸಲ ಪಯಣ: ಮುಂದಿನಿಂದ ಒಳಹೊಕ್ಕು, ಹಿಂದಿನ ಬಿಳಿ ಹಾಳೆಗೆ ಬಡಿದು, ಅದೇ ದಾರಿಯಲ್ಲಿ ಮರಳಬೇಕು. ಇಷ್ಟೆಲ್ಲ ಕಳೆದುಕೊಂಡೂ ಅಕ್ಷರ ಕಾಣುವುದೇ ಸೋಜಿಗ.

ಈ ದ್ರವಸ್ಫಟಿಕದ ಕಥೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್ ಕೊಲೆಸ್ಟರಾಲಿನ ಸಂಯುಕ್ತವೊಂದನ್ನು ಕಾಯಿಸಿದಾಗ ಅದು ಎರಡು ಹಂತದಲ್ಲಿ ಕರಗಿತು: 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಬ್ಬು ದ್ರವ, 178.5ರಲ್ಲಿ ತಿಳಿ ದ್ರವ. ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ಅಲ್ಲಿಂದ ಸುಮಾರು ತೊಂಬತ್ತು ವರ್ಷ ಉದ್ದನೆಯ ಕಡ್ಡಿಯಾಕಾರದ ಅಣುಗಳೇ ಹೀಗೆ ವರ್ತಿಸುತ್ತವೆ ಎಂಬ ನಂಬಿಕೆ ಬಲವಾಗಿತ್ತು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಆ ನಂಬಿಕೆಯನ್ನು ಮುರಿದರು. ತಟ್ಟೆಯಾಕಾರದ ಅಣುಗಳೂ ಒಂದರ ಮೇಲೊಂದು ಪೇರಿಕೊಂಡು ಕಂಬಗಳಾಗಿ ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿ, ನಮ್ಮದೇ ನೆಲದ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಂದ್ರಶೇಖರ್ ಸಿ.ವಿ. ರಾಮನ್ನರ ಸೋದರಳಿಯ. ಬೆಂಗಳೂರಿಗೆ ಬರುವ ಮೊದಲು ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವನ್ನು ಮುನ್ನಡೆಸಿದವರು. ಬದಿಯಿಂದ ನೋಡಿದರೂ ಪರದೆಯ ಚಿತ್ರ ಕೆಡದಂತೆ ಮಾಡುವ ತೆಳು ಹಾಳೆಗಳಲ್ಲಿ ಮುಂದೆ ಜಪಾನಿನ ತಯಾರಕರು ಬಳಸಿದ್ದು ಇಂಥ ತಟ್ಟೆ ಅಣುಗಳನ್ನೇ. ನಮ್ಮ ಶಾಲಾಪುಸ್ತಕಗಳಲ್ಲಿ ಈ ಮೂವರ ಹೆಸರಿಗೆ ಒಂದು ಪುಟವಾದರೂ ಸಲ್ಲಬೇಕು.

ಈಗ ಆರಿದ ಬೆಳಕಿಗೆ ಬರೋಣ. ಪ್ಯಾನೆಲ್ಲಿನ ಹಿಂದೆ ಉದ್ದನೆಯ ಪಟ್ಟಿಗಳ ಮೇಲೆ ಎಲ್‌ಇಡಿಗಳು ಕೂತಿರುತ್ತವೆ. ಒಂದೊಂದಕ್ಕೆ ಸುಮಾರು 3 ವೋಲ್ಟ್, ಕೆಲವಕ್ಕೆ 6. ಗಣೇಶನ ಪೆಂಡಾಲಿನ ಹಳೆಯ ಸೀರಿಯಲ್ ಸೆಟ್ಟಿನಂತೆ ಇವೂ ಒಂದರ ಹಿಂದೊಂದು ಪೋಣಿಸಿಕೊಂಡಿವೆ. ಒಂದು ಕಡಿದರೆ ಇಡೀ ಸರ ಕತ್ತಲು. ಸರ ಕಡಿದಾಗ ವಿದ್ಯುತ್ ಹರಿಸಲು ಡ್ರೈವರ್ ಸರ್ಕ್ಯೂಟ್ ವೋಲ್ಟೇಜನ್ನು ಏರಿಸುತ್ತದೆ, ಮಿತಿ ಮೀರಿದೊಡನೆ ತಾನೇ ಕೆಲಸ ನಿಲ್ಲಿಸುತ್ತದೆ. ಬಲ್ಲ ಮೆಕ್ಯಾನಿಕ್ ಇದನ್ನೇ ಹಿಡಿಯುತ್ತಾನೆ. ಸ್ವಿಚ್ ಹಾಕಿದಾಗ ಎಲ್‌ಇಡಿ ಕನೆಕ್ಟರಿನಲ್ಲಿ ವೋಲ್ಟೇಜ್ ಜಿಗಿದು ಕುಸಿದರೆ ಪಟ್ಟಿಯ ಮೇಲೆ ಅನುಮಾನ. ಮೇಲೇಳದೆ ಇದ್ದಲ್ಲೇ ಇದ್ದರೆ ಡ್ರೈವರ್ ಮೇಲೆ, ಇಲ್ಲವೇ ಅದಕ್ಕೆ ‘ಹೊತ್ತು’ ಎಂದು ಆಜ್ಞೆ ಕೊಡುವ ಮೇನ್ ಬೋರ್ಡಿನ ಮೇಲೆ.

ತಪ್ಪು ಸಿಡಿಲಿನದು ಎನ್ನುವವರಿದ್ದಾರೆ, ಗ್ರಹಣದ ದಿನ ಟಿ.ವಿ. ಹಾಕಿದ್ದಕ್ಕೇ ಹೀಗಾಯಿತು ಎನ್ನುವವರೂ ಇದ್ದಾರೆ. ಗ್ರಹಣಕ್ಕೂ ಎಲ್‌ಇಡಿಗೂ ಕಾಸಿನ ಸಂಬಂಧವಿಲ್ಲ. ಸಿಡಿಲು ಹೊಡೆದರೆ ಕೇಬಲ್ ಮತ್ತು ಪ್ಲಗ್ ದಾರಿಯಲ್ಲಿ ಬಂದು ಸಾಮಾನ್ಯವಾಗಿ ಸೆಟ್‌ಟಾಪ್ ಬಾಕ್ಸ್, ಪವರ್ ಬೋರ್ಡುಗಳನ್ನು ಸುಡುತ್ತದೆ. ಗುಡುಗಿದಾಗ ಅರ್ಜುನನ ಹೆಸರುಗಳನ್ನು ಜಪಿಸುತ್ತ ಕೂರುವ ಬದಲು, ಗುಡುಗು ಹತ್ತಿರವಾಗುವ ಮೊದಲೇ ಕೇಬಲ್, ಪ್ಲಗ್ ಎರಡನ್ನೂ ಕಿತ್ತಿಡುವುದು ಕ್ಷೇಮ. ಇನ್ನು, ಹಳೆಯ ಡಬ್ಬಾ ಟಿ.ವಿ.ಗೆ ಹೊಡೆದಂತೆ ಇದರ ತಲೆಗೆ ಹೊಡೆಯುವುದು. ದಯವಿಟ್ಟು ಬೇಡ! ಸುಸ್ಥಿತಿಯಲ್ಲಿದ್ದ ಗಾಜು ಸೀಳುವುದು ಹಾಗೆಯೇ.

ಎಲ್‌ಇಡಿಗಳನ್ನು ಕೊಲ್ಲುವ ದೊಡ್ಡ ವೈರಿ ಶಾಖ. ಜಗಳೂರಿನ ಬೇಸಿಗೆಯಲ್ಲಿ, ಶೀಟಿನ ಛಾವಣಿಯ ಕೆಳಗೆ, ಗೋಡೆಯ ಗೂಡಿನೊಳಗೆ ಗಾಳಿಯಾಡದಂತೆ ಸಿಕ್ಕಿಸಿದ ಟಿ.ವಿ.ಯ ಒಳಗೆ ಏನಾಗುತ್ತಿರಬಹುದು, ಯೋಚಿಸಿ. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪ. ನೀಲಿಯನ್ನು ಸಾಧ್ಯವಾಗಿಸಿದ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಶಾಖಕ್ಕೆ ಲೇಪ ಕೆಟ್ಟರೆ ಪರದೆ ನೀಲಿಗೆ ತಿರುಗುತ್ತದೆ. ಪಟ್ಟಿ ಹಳತಾಗಿದೆ ಎನ್ನಲು ಅದು ಮುನ್ಸೂಚನೆ. ಪರದೆಯ ಮೇಲೆ ದುಂಡನೆಯ ಬಿಳಿ ಚುಕ್ಕೆಗಳು ಕಂಡರೆ ಅದೂ ಪ್ಯಾನೆಲ್ ದೋಷವಲ್ಲ. ಬೆಳಕನ್ನು ಹರಡಲು ಎಲ್‌ಇಡಿಗೆ ಅಂಟಿಸಿದ ಪುಟ್ಟ ಪ್ಲಾಸ್ಟಿಕ್ ಲೆನ್ಸ್ ಕಳಚಿ ಬಿದ್ದಿರುತ್ತದೆ.

ರಿಪೇರಿಯಲ್ಲಿ ನಾಜೂಕಿನ ಕೆಲಸ ಗಾಜು ಎತ್ತುವುದು. ಇಬ್ಬರು ಬೇಕು. ಅಂಚಿನಲ್ಲಿ ನೇತಾಡುವ ಕಂದು ಬಣ್ಣದ ತೆಳು ರಿಬ್ಬನ್ ಒಂದು ಹರಿದರೂ ಆಗ ನಿಜಕ್ಕೂ ಪ್ಯಾನೆಲ್ ಹೋಯಿತು. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೆ ಮೀರಿ ಉಳಿದಿರಬಹುದಾದ್ದರಿಂದ ಇದು ಮನೆಯಲ್ಲಿ ಕಲಿಯುವ ವಿದ್ಯೆಯಲ್ಲ. ಸತ್ತ ಎಲ್‌ಇಡಿ ಒಂದನ್ನಷ್ಟೇ ಬದಲಿಸಿದರೆ ಅಷ್ಟೇ ಶಾಖ ಉಂಡ ಅದರ ಜೊತೆಯವು ಇಂದಲ್ಲ ನಾಳೆ ಹೋಗುತ್ತವೆ. ಪೂರ್ತಿ ಪಟ್ಟಿಗಳನ್ನೇ ಬದಲಿಸಿ ಎಂದು ಕೇಳಬೇಕು. ಹಳೆಯ ಪಟ್ಟಿಯ ಮೇಲೆ ಅಚ್ಚಾದ ಸಂಖ್ಯೆಯ ಫೋಟೊ ಇದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸರಿಯಾದದ್ದನ್ನೇ ತರಿಸಬಹುದು. ಟಿ.ವಿ. ಮನೆಗೆ ಬಂದ ಮೇಲೆ ಮೆನುವಿನಲ್ಲಿ ‘ಬ್ಯಾಕ್‌ಲೈಟ್’ ಎಂಬುದನ್ನು ಹುಡುಕಿ ನೂರರಿಂದ ಅರವತ್ತಕ್ಕೆ ಇಳಿಸಿ. ಬಹಳಷ್ಟು ಟಿ.ವಿ.ಗಳಲ್ಲಿ ಪಕ್ಕದಲ್ಲೇ ಇರುವ ‘ಬ್ರೈಟ್‌ನೆಸ್’ ಇಳಿಸಿದರೆ ಚಿತ್ರದ ಕಪ್ಪು ಭಾಗಗಳು ಇನ್ನಷ್ಟು ಕಪ್ಪಾಗುತ್ತವೆ, ಎಲ್‌ಇಡಿಗಳ ಬಿಸಿ ಮಾತ್ರ ಹಾಗೇ ಉಳಿಯುತ್ತದೆ.