ನೆನಪಿನ ಪುಸ್ತಕವನ್ನು ನೀವೇ ಹೊಲಿಯಿರಿ

ದಾದಿಯ ಕೈರುಚಿಯ ಗುಟ್ಟು, ಮಕ್ಕಳು ಹುಟ್ಟಿದ ದಿನ, ಹಿರಿಯರು ಕಂಡ ಕಷ್ಟ ಸುಖ... ಇವು ಎಷ್ಟು ಮನೆಗಳಲ್ಲಿ ಬರಹಕ್ಕಿಳಿದಿವೆ? ಹೇಳುವವರು ಇಲ್ಲವಾದ ಮೇಲೆ ಕೇಳಿ ಫಲವಿಲ್ಲ. ಇಂದೇ ಕೇಳಿ, ಬರೆದಿಡಿ.

ಬರೆಯುವ ಪುಸ್ತಕವೂ ಬಾಳಬೇಕು. ನೋಟ್‌ಬುಕ್ಕಿನ ಪಿನ್ನು ತುಕ್ಕು ಹಿಡಿದು ಕಾಗದವನ್ನು ಕೆಡಿಸುತ್ತದೆ. ಬರಿ ಅಂಟಿನ ಪುಸ್ತಕದ ಹಾಳೆಗಳು ಕಳಚಿಕೊಳ್ಳುತ್ತವೆ. ದಾರದ ಹೊಲಿಗೆ ಗಟ್ಟಿ.

ನಾಲ್ಕು ಎ4 ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿದರೆ 16 ಪುಟಗಳ ಒಂದು ಕಟ್ಟು. ಇಂಥ 6 ಕಟ್ಟುಗಳಿಗೆ 96 ಪುಟ. ಪ್ರತಿ ಮಡಿಕೆಯಲ್ಲೂ ಒಂದೇ ಅಳತೆಗೆ 5 ರಂಧ್ರ ಮಾಡಿ. ಮೇಣ ಸವರಿದ ಹತ್ತಿಯ ದಾರದಿಂದ ಪ್ರತಿ ಕಟ್ಟನ್ನೂ ಹಿಂದಿನದಕ್ಕೆ ಸೇರಿಸಿ ಹೊಲಿಯಿರಿ. ಬೆನ್ನಿಗೆ ಮೈದಾ ಅಂಟು ಸವರಿ, ಅಗಲವಾದ ಬಟ್ಟೆಪಟ್ಟಿ ಅಂಟಿಸಿ. ಅದರ ಎರಡೂ ಅಂಚುಗಳನ್ನು ರಟ್ಟುಗಳಿಗೆ ಅಂಟಿಸಿ, ಮೇಲೆ ಬಟ್ಟೆ ಹೊದಿಸಿ.

ಹುಬ್ಬಳ್ಳಿ-ಧಾರವಾಡದವರಿಗೆ ಬಟ್ಟೆಯ ಚಿಂತೆಯಿಲ್ಲ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗ, 1957ರಲ್ಲಿ ಆರಂಭವಾದ ಬೆಂಗೇರಿಯ ಖಾದಿ ಸಂಘ ಎರಡೂ ಇಲ್ಲಿಯವೇ. ದಾದಿಯ ಹಳೆಯ ಹತ್ತಿ ಸೀರೆಯಾದರೆ ಇನ್ನೂ ಚೆನ್ನ.

ರಾತ್ರಿಯಿಡೀ ಭಾರವಿಟ್ಟು ಪೂರ್ತಿ ಒಣಗಿಸಿ. ಹಸಿ ಉಳಿದರೆ ಬೂಸ್ಟು ಬರುತ್ತದೆ. ಹಳೆಯ ಪತ್ರಗಳಿಗೆ ಹಿಂದಿನ ರಟ್ಟಿನ ಒಳಬದಿಗೆ ಲಕೋಟೆ ಅಂಟಿಸಿ. ಕೊನೆಯ ಕಟ್ಟು ಖಾಲಿ ಇರಲಿ. ಅದು ನಿಮ್ಮ ಮಕ್ಕಳು ಬರೆಯಬೇಕಾದದ್ದು.